ಗಾಳಿ ಬರುತ್ತದೆ, ತಂಪು ಬರುವುದಿಲ್ಲ

ಕಳೆದ ಏಪ್ರಿಲ್ ಮೊದಲ ವಾರದ ಒಂದು ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದಾಗ ಅವ್ವ ತನ್ನ ಕೋಣೆಯಲ್ಲಿ ಮಂಚದ ಅಂಚಿಗೆ ಬಂದು ಕುಳಿತು, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಳು. ಎಸಿ ಓಡುತ್ತಲೇ ಇತ್ತು. ಅದರ ಮೇಲೆ 24 ಎಂಬ ಅಂಕಿ ಹಸಿರಾಗಿ ಬೆಳಗುತ್ತಿತ್ತು. "ಗಾಳಿ ಬರ್ತೈತಪ್ಪಾ, ತಂಪು ಬರವಲ್ದು" ಎಂದಳು. ಆ ಒಂದು ಮಾತಿನಲ್ಲಿ ದೋಷದ ಅರ್ಧ ಪತ್ತೆ ಅಡಗಿತ್ತು ಎಂಬುದು ನನಗೆ ತಿಳಿದದ್ದು ಬೇಸಿಗೆ ಮುಗಿಯುವ ಹೊತ್ತಿಗೆ. ಅಷ್ಟರಲ್ಲಿ ಒಂದೇ ಯಂತ್ರ ಎರಡು ಬೇರೆ ಬೇರೆ ಕಾರಣಗಳಿಂದ ತಂಪು ಮಾಡುವುದನ್ನು ನಿಲ್ಲಿಸಿತ್ತು, ಮತ್ತು ಮೊದಲ ಸಲ ನಾನು ಕಾರಣ ಕೇಳದೆ ದುಡ್ಡು ಕೊಟ್ಟಿದ್ದೆ. ಹಾಗೆ ಕೊಡುವವರು ನಮ್ಮೂರಿನಲ್ಲಿ ಪ್ರತಿ ಬೇಸಿಗೆಯಲ್ಲೂ ಬಹಳ ಮಂದಿ ಇದ್ದಾರೆ ಎಂಬ ಕಾರಣಕ್ಕೆ ನಡೆದದ್ದನ್ನು ವಿವರವಾಗಿ ಬರೆದಿಡುತ್ತಿದ್ದೇನೆ.

ಬಳ್ಳಾರಿಯ ಬೇಸಿಗೆಯನ್ನು ಕಂಡವರಿಗೆ ಈ ಕೋಣೆಯ ತಂಪು ನಮಗೆ ಯಾಕೆ ಅಷ್ಟು ಮುಖ್ಯ ಎಂದು ಹೇಳಬೇಕಾಗಿಲ್ಲ. ಕೋಟೆ ಗುಡ್ಡವೂ ಕುಂಬಾರ ಗುಡ್ಡವೂ ಬರಿಯ ಬಂಡೆಗಳು. ಹಗಲಿಡೀ ಕಾದ ಕಲ್ಲು ರಾತ್ರಿ ಹತ್ತರವರೆಗೂ ಝಳ ಬಿಡುತ್ತಲೇ ಇರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಪಾದರಸ ನಲವತ್ತು ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಅವ್ವನಿಗೆ ಎಪ್ಪತ್ತೆಂಟು ವರ್ಷ, ಹೃದಯಕ್ಕೆ ಮಾತ್ರೆ ನುಂಗುತ್ತಾಳೆ. ಲಾವಂಚದ ತಟ್ಟಿಗೆ ನೀರು ಚಿಮುಕಿಸಿಕೊಂಡು ಬೇಸಿಗೆ ಕಳೆದ ಕಾಲವನ್ನು ಅವಳು ಈಗಲೂ ನೆನೆಯುತ್ತಾಳೆ, ಆದರೆ ಈ ವಯಸ್ಸಿನಲ್ಲಿ ಅವಳ ಮೈ ಆ ಸೆಖೆಯನ್ನು ತಡೆಯುವುದಿಲ್ಲ. ಅದಕ್ಕೆಂದೇ 2018ರಲ್ಲಿ ಅವಳ ಕೋಣೆಗೆ ಒಂದೂವರೆ ಟನ್ನಿನ, ಇನ್ವರ್ಟರ್ ಅಲ್ಲದ, ಅಂದರೆ ಒಂದೇ ವೇಗದಲ್ಲಿ ಓಡುವ ಸ್ಪ್ಲಿಟ್ ಎಸಿ ಹಾಕಿಸಿದ್ದೆವು.

ಅಂದು ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ರಿಮೋಟ್ ಕೈಗೆ ತೆಗೆದುಕೊಂಡು ಮೋಡ್ ನೋಡಿದೆ. ಇದನ್ನು ಸಣ್ಣ ವಿಷಯವೆಂದು ಬಿಡಬಾರದು. ಕತ್ತಲಲ್ಲಿ ತಡಕಾಡುವಾಗ ಮೋಡ್ ಗುಂಡಿ ಒತ್ತಿಹೋಗಿ ಹಿಮದ ಹರಳಿನ ಗುರುತು ಇರಬೇಕಾದ ಜಾಗದಲ್ಲಿ ಫ್ಯಾನಿನ ಗುರುತು ಬಂದು ಕೂತರೆ, ಒಳಗಿನ ಬ್ಲೋವರ್ ಮಾತ್ರ ತಿರುಗುತ್ತದೆ, ಹೊರಗಿನ ಯಂತ್ರ ಚಾಲೂ ಆಗುವುದೇ ಇಲ್ಲ. ನಮ್ಮದರಲ್ಲಿ ಗುರುತು ಸರಿಯಾಗಿತ್ತು. ಮುಂದಿನ ಮುಚ್ಚಳ ಎತ್ತಿ ಎರಡೂ ಫಿಲ್ಟರ್ ಜಾಳಿಗೆಗಳನ್ನು ಎಳೆದು ನಲ್ಲಿಯ ಕೆಳಗೆ ತೊಳೆದೆ. ಬೂದುಬಣ್ಣದ ಧೂಳು ಹದಿನೈದು ದಿನಕ್ಕಾಗುವಷ್ಟೇ ಇತ್ತು. ಒಣಗಿಸಿ ಹಾಕಿ ಅರ್ಧ ಗಂಟೆ ಕಾದರೂ ಕೋಣೆ ತಣ್ಣಗಾಗಲಿಲ್ಲ. ಸಂಜೆ ಬಂದ ಹುಡುಗನೊಬ್ಬ ಒಳಗಿನ ಯಂತ್ರದ ಬಾಯಿಗೆ ಅಂಗೈ ಹಿಡಿದು ನೋಡಿ, ಮಹಡಿಗೆ ಹೋಗಿ ಹೊರಗಿನ ಯಂತ್ರಕ್ಕೆ ಒತ್ತಡ ಅಳೆಯುವ ಗೇಜ್ ಸಿಕ್ಕಿಸಿ, "ಗ್ಯಾಸ್ ಹೋಗೈತಿ ಸರ್" ಎಂದ. ಹತ್ತೇ ನಿಮಿಷದಲ್ಲಿ ಒಂದು ಸಣ್ಣ ಸಿಲಿಂಡರಿನಿಂದ ಗ್ಯಾಸ್ ಬಿಟ್ಟ. ಕೋಣೆ ತಂಪಾಯಿತು, ಅವ್ವ ಮಲಗಿದಳು, ನಾನು 2,800 ರೂಪಾಯಿ ಕೊಟ್ಟೆ. ಹನ್ನೆರಡನೆಯ ದಿನ ಮತ್ತೆ ಅದೇ ಮಾತು: ಗಾಳಿ ಬರುತ್ತದೆ, ತಂಪು ಬರುವುದಿಲ್ಲ.

ಈ ಸಲ ನಾನು ಯಾರನ್ನೂ ಕರೆಯುವ ಮೊದಲು ಯಂತ್ರದ ಕೆಲಸವನ್ನು ತಿಳಿದುಕೊಳ್ಳಲು ಕುಳಿತೆ. ಎಸಿ ತಂಪನ್ನು ತಯಾರಿಸುವುದಿಲ್ಲ. ಕೋಣೆಯ ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುತ್ತದೆ. ಹೊರುವ ಕೆಲಸ ಮಾಡುವುದು ಗ್ಯಾಸ್. ಹೊರಗಿನ ಯಂತ್ರದಲ್ಲಿರುವ ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡುತ್ತದೆ. ಆ ಬಿಸಿ ಗ್ಯಾಸ್ ಕಂಡೆನ್ಸರ್ ಕಾಯಿಲಿನ ಕೊಳವೆಗಳಲ್ಲಿ ಹರಿಯುತ್ತ, ಫ್ಯಾನ್ ಎಳೆದು ಹಾಯಿಸುವ ಗಾಳಿಗೆ ತನ್ನ ಬಿಸಿಯನ್ನು ಬಿಟ್ಟುಕೊಟ್ಟು ದ್ರವವಾಗುತ್ತದೆ. ದ್ರವ ಒಂದು ಸಪೂರ ಕ್ಯಾಪಿಲರಿ ಕೊಳವೆಯ ಮೂಲಕ ನುಸುಳಿ ಒತ್ತಡ ಕಳೆದುಕೊಂಡೊಡನೆ ಬಹಳ ತಣ್ಣಗಾಗುತ್ತದೆ. ತಣ್ಣಗಾದದ್ದು ಒಳಗಿನ ಕಾಯಿಲಿನಲ್ಲಿ ಕುದಿದು ಆವಿಯಾಗುವಾಗ ಕೋಣೆಯ ಗಾಳಿಯಿಂದ ಬಿಸಿಯನ್ನು ಹೀರಿಕೊಂಡು ದಪ್ಪ ಕೊಳವೆಯಲ್ಲಿ ಕಂಪ್ರೆಸರಿಗೆ ಹಿಂತಿರುಗುತ್ತದೆ. ಇಡೀ ಹಾದಿ ತಾಮ್ರದ ಕೊಳವೆಯೊಳಗೆ ಮುಚ್ಚಿಕೊಂಡ ಸುತ್ತು. ಎಷ್ಟು ವರ್ಷ ಓಡಿದರೂ ಒಂದು ಗ್ರಾಂ ಗ್ಯಾಸ್ ಕೂಡ ಸವೆಯಬೇಕಾದ ಕಾರಣವಿಲ್ಲ.

ಗ್ಯಾಸ್ ಕಡಿಮೆಯಾಗಿದ್ದರೆ ಅದು ಎಲ್ಲಿಂದಲೋ ಹೊರಗೆ ಹೋಗಿದೆ, ಮತ್ತು ಆ ದಾರಿ ಇನ್ನೂ ತೆರೆದೇ ಇದೆ. ಮೊದಲು ಬಂದ ಹುಡುಗ ಆ ದಾರಿಯನ್ನು ಹುಡುಕಲಿಲ್ಲ, ಹುಡುಕು ಎಂದು ನಾನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ, ಬಿಸಿಲು ಏರುವ ಮೊದಲು, ಅಡುಗೆಮನೆಯ ಡಿಜಿಟಲ್ ಥರ್ಮಾಮೀಟರ್ ತಂದು ಅಳೆದೆ. ಈ ಅಳತೆ ಯಾರು ಬೇಕಾದರೂ ಮಾಡಬಹುದಾದದ್ದು, ಮತ್ತು ನನ್ನ ಮಟ್ಟಿಗೆ ಮನೆಯವರ ಕೈಯಲ್ಲಿರುವ ಅತ್ಯಂತ ಉಪಯುಕ್ತವಾದ ಪರೀಕ್ಷೆ ಇದೇ. ರಿಮೋಟಿನಲ್ಲಿ ಕನಿಷ್ಠ ಉಷ್ಣಾಂಶ ಇಟ್ಟು, ಫ್ಯಾನ್ ಜೋರಾಗಿಟ್ಟು, ಬಾಗಿಲು ಹಾಕಿ ಹದಿನೈದು ನಿಮಿಷ ಓಡಿಸಬೇಕು. ಆಮೇಲೆ ಯಂತ್ರ ಮೇಲ್ಭಾಗದಿಂದ ಒಳಗೆಳೆದುಕೊಳ್ಳುವ ಗಾಳಿಯ ಉಷ್ಣಾಂಶವನ್ನೂ ಕೆಳಗಿನ ಬಾಯಿಯಿಂದ ಹೊರಬಿಡುವ ಗಾಳಿಯ ಉಷ್ಣಾಂಶವನ್ನೂ ಬರೆದುಕೊಳ್ಳಬೇಕು. ಸುಸ್ಥಿತಿಯಲ್ಲಿರುವ ಯಂತ್ರದಲ್ಲಿ ಇವೆರಡರ ನಡುವೆ ಸಾಧಾರಣವಾಗಿ ಎಂಟರಿಂದ ಹನ್ನೆರಡು ಡಿಗ್ರಿ ಅಂತರ ಇರುತ್ತದೆ. ನಮ್ಮ ಕಡೆಯ ಒಣ ಹವೆಯಲ್ಲಿ ಅದಕ್ಕಿಂತ ಹೆಚ್ಚೂ ಸಿಗುತ್ತದೆ. ಮಂಗಳೂರು, ಉಡುಪಿಗಳಂಥ ಕಡೆ ಗಾಳಿಯ ತೇವವನ್ನು ನೀರಾಗಿಸಲು ಯಂತ್ರದ ಶಕ್ತಿಯ ಒಂದು ಪಾಲು ವ್ಯಯವಾಗುವುದರಿಂದ ಅಂತರ ಕಡಿಮೆ ಕಂಡರೆ ಗಾಬರಿಯಾಗಬೇಕಾಗಿಲ್ಲ. ಅಲ್ಲಿ ಡ್ರೈನ್ ಪೈಪಿನಿಂದ ನೀರು ಧಾರಾಳವಾಗಿ ಬರುತ್ತಿದೆಯೇ ಎಂದು ನೋಡುವುದು ಒಳ್ಳೆಯದು. ನಮ್ಮ ಯಂತ್ರದಲ್ಲಿ ಒಳಗೆ ಹೋಗುವ ಗಾಳಿ 31, ಹೊರಗೆ ಬರುವ ಗಾಳಿ 27. ನಾಲ್ಕು ಡಿಗ್ರಿ ಮಾತ್ರ.

ನಂತರ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟೆ. ಕಾಯಿಲಿನ ಒಂದು ಮೂಲೆಯಲ್ಲಿ, ಕೊಳವೆ ಒಳಬರುವ ಕಡೆ, ಅಂಗೈಯಷ್ಟು ಜಾಗದಲ್ಲಿ ಬಿಳಿಯ ಹಿಮ ಹಿಡಿದಿತ್ತು. ಉಳಿದ ಭಾಗ ಒಣಗಿತ್ತು. ಮಹಡಿಗೆ ಹೋದೆ. ಹೊರಗಿನ ಯಂತ್ರದ ಪಕ್ಕದಲ್ಲಿ ಎರಡು ಹಿತ್ತಾಳೆಯ ವಾಲ್ವುಗಳು, ಅವುಗಳಿಂದ ಹೊರಡುವ ಒಂದು ಸಪೂರ ಮತ್ತು ಒಂದು ದಪ್ಪ ಕೊಳವೆ. ಸಪೂರ ಕೊಳವೆಯ ಮೇಲೆ ಹಿಮ ಪುಡಿಯುಪ್ಪಿನಂತೆ ಕೂತಿತ್ತು. ತಣ್ಣಗೆ ಬೆವರಬೇಕಾಗಿದ್ದ ದಪ್ಪ ಕೊಳವೆ ಉಗುರುಬೆಚ್ಚಗಿತ್ತು. ಕಾಯಿಲಿನಲ್ಲಿ ಹಿಮ ಕಂಡ ಕೂಡಲೇ "ತಂಪು ಹೆಚ್ಚಾಗಿದೆ" ಎಂದುಕೊಳ್ಳುವವರಿದ್ದಾರೆ, ಆದರೆ ಹಿಮ ಎಲ್ಲಿ ಹಿಡಿದಿದೆ ಎಂಬುದರಲ್ಲಿ ಕಾರಣ ತಿಳಿಯುತ್ತದೆ. ಫಿಲ್ಟರ್ ಕಟ್ಟಿಕೊಂಡು ಅಥವಾ ಬ್ಲೋವರ್ ಚಕ್ರದಲ್ಲಿ ಧೂಳು ಮೆತ್ತಿಕೊಂಡು ಗಾಳಿ ಸಾಲದೆ ಹೋದರೆ ಹಿಮ ನಿಧಾನವಾಗಿ ಇಡೀ ಕಾಯಿಲನ್ನು ಆವರಿಸಿ ದಪ್ಪ ಕೊಳವೆಯವರೆಗೂ ಹಬ್ಬುತ್ತದೆ. ಗ್ಯಾಸ್ ಕಡಿಮೆಯಾದಾಗ ಇರುವಷ್ಟು ಗ್ಯಾಸ್ ಕಾಯಿಲಿನ ಆರಂಭದಲ್ಲೇ ಕುದಿದು ಮುಗಿಯುವುದರಿಂದ ಸಪೂರ ಕೊಳವೆ ಮತ್ತು ಕಾಯಿಲಿನ ಒಂದು ಮೂಲೆ ಮಾತ್ರ ಹಿಮಗಟ್ಟುತ್ತವೆ. ಮೊದಲನೆಯದಾದರೆ ಎಸಿ ಆಫ್ ಮಾಡಿ, ಬರಿಯ ಫ್ಯಾನ್ ಓಡಿಸಿ ಹಿಮ ಕರಗಿಸಿ, ಫಿಲ್ಟರ್, ಬ್ಲೋವರ್ ಶುಚಿ ಮಾಡಿದರೆ ಅಲ್ಲಿಗೆ ಮುಗಿಯುತ್ತದೆ. ನಮ್ಮದು ಎರಡನೆಯದು. ದಪ್ಪ ಕೊಳವೆಯ ನಟ್ಟಿನ ಕೆಳಗೆ ಕೆಂಪು ಧೂಳು ಜಿಡ್ಡಾಗಿ, ಒಂದು ರೂಪಾಯಿ ನಾಣ್ಯದಗಲ, ಕಪ್ಪಗೆ ಅಂಟಿಕೊಂಡಿತ್ತು. ಬೇರೆಲ್ಲ ಕಡೆ ಅದೇ ಧೂಳು ಪುಡಿಯಾಗಿ ಊದಿದರೆ ಹಾರುತ್ತಿತ್ತು.

ಗ್ಯಾಸಿನ ಜೊತೆಗೆ ಕಂಪ್ರೆಸರ್ ಎಣ್ಣೆಯೂ ಸ್ವಲ್ಪ ಸುತ್ತುತ್ತಿರುತ್ತದೆ. ಗ್ಯಾಸ್ ಸೋರುವ ಕಡೆ ಎಣ್ಣೆಯೂ ಒಸರುತ್ತದೆ, ಎಣ್ಣೆಗೆ ಧೂಳು ಅಂಟುತ್ತದೆ. ಆ ಕಲೆ ಹನ್ನೆರಡು ದಿನಗಳ ಹಿಂದೆಯೂ ಅಲ್ಲೇ ಇದ್ದಿರಬೇಕು. ಗೇಜ್ ಸಿಕ್ಕಿಸಿದ ಜಾಗಕ್ಕೂ ಅದಕ್ಕೂ ನಾಲ್ಕು ಬೆರಳಿನ ದೂರವಿತ್ತು.

ಕೌಲ್ ಬಜಾರಿನ ಕಡೆ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರ ಬಗ್ಗೆ ಸಹೋದ್ಯೋಗಿಯೊಬ್ಬರು ಹೇಳಿದರು. ಅವರು ಫೋನಿನಲ್ಲೇ ಮೂರು ಪ್ರಶ್ನೆ ಕೇಳಿದರು: ಹೊರಗಿನ ಫ್ಯಾನ್ ತಿರುಗುತ್ತಿದೆಯೇ, ಅದರಿಂದ ಬರುವ ಗಾಳಿ ಬಿಸಿಯಾಗಿದೆಯೇ, ಒಳಗಿನಿಂದ ನೀರು ಹೋಗುತ್ತಿದೆಯೇ. ನಾನು ಕಂಡದ್ದನ್ನೆಲ್ಲ ಹೇಳಿ, ಗ್ಯಾಸ್ ಹಾಕಿಸಿ ಹನ್ನೆರಡು ದಿನವಾಯಿತು ಎಂದಾಗ, "ಅದೇನು ಪೆಟ್ರೋಲ್ ಅಲ್ಲ ಸರ್ ಖರ್ಚಾಗಾಕೆ. ಹೋಗೈತಿ ಅಂದ್ರೆ ಎಲ್ಲೋ ತೂತೈತಿ. ನಾಳೆ ಬರ್ತೀನಿ, ಅರ್ಧ ದಿನ ಬೇಕಾಗ್ತೈತಿ" ಎಂದರು. ಅರ್ಧ ದಿನ ಎಂದು ಮೊದಲೇ ಹೇಳಿದ್ದು ನನಗೆ ಹಿಡಿಸಿತು.

ಅವರು ಕೆಲಸ ಮಾಡಿದ ರೀತಿಯನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ಮೊದಲು ಯಂತ್ರಕ್ಕೆ ಅಂಟಿಸಿದ್ದ ಪಟ್ಟಿಯನ್ನು ಒರೆಸಿ ಓದಿದರು: ಆರ್-32 ಗ್ಯಾಸ್, 0.90 ಕಿಲೋ, ಕರೆಂಟ್ 7.6 ಆಂಪಿಯರ್. ಕ್ಲ್ಯಾಂಪ್ ಮೀಟರನ್ನು ಒಂದು ವೈರಿಗೆ ಹಾಕಿ ನೋಡಿದಾಗ ಯಂತ್ರ ಎಳೆಯುತ್ತಿದ್ದದ್ದು 5.1. ಒತ್ತಲು ಗ್ಯಾಸ್ ಸಾಲದಿದ್ದಾಗ ಕಂಪ್ರೆಸರಿಗೆ ಕೆಲಸ ಕಡಿಮೆ, ಹಾಗಾಗಿ ಕರೆಂಟೂ ಕಡಿಮೆ. ಅದೇ ಕಂಡೆನ್ಸರ್ ಧೂಳಿನಿಂದ ಮುಚ್ಚಿಹೋಗಿದ್ದರೆ ಪಟ್ಟಿಯಲ್ಲಿ ಬರೆದುದಕ್ಕಿಂತ ಹೆಚ್ಚು ಎಳೆಯುತ್ತದೆ. ಒಂದು ಸಣ್ಣ ಬಟ್ಟಲಿನಲ್ಲಿ ಪಾತ್ರೆ ತೊಳೆಯುವ ಸೋಪಿನ ನೊರೆ ಕಲಸಿ, ಬಣ್ಣದ ಕುಂಚದಿಂದ ನಟ್ಟುಗಳಿಗೆ ಹಚ್ಚಿದರು. ಸಪೂರ ಕೊಳವೆಯ ನಟ್ಟಿನಲ್ಲಿ ನೊರೆ ಹಾಗೇ ಜಾರಿಹೋಯಿತು. ದಪ್ಪ ಕೊಳವೆಯ ನಟ್ಟಿನ ಹಿಂಬದಿಯಲ್ಲಿ, ಕಣ್ಣಿಗೆ ನೇರ ಕಾಣದ ಕಡೆ, ಸಾಸಿವೆಕಾಳಿನಷ್ಟು ಒಂದು ಗುಳ್ಳೆ ಎದ್ದಿತು, ನಿಧಾನವಾಗಿ ಕಡಲೆಯಷ್ಟಾಗಿ ಒಡೆಯಿತು, ಅದೇ ಜಾಗದಲ್ಲಿ ಇನ್ನೊಂದು ಎದ್ದಿತು. ನನಗೆ ಕೈ ಸನ್ನೆ ಮಾಡಿ ತೋರಿಸಿ, ಏನೂ ಹೇಳದೆ, ಐದಾರು ಗುಳ್ಳೆಗಳು ಎದ್ದು ಒಡೆಯುವವರೆಗೂ ನೋಡುತ್ತ ಕುಳಿತರು.

ಒಳಗೆ ಉಳಿದಿದ್ದ ಗ್ಯಾಸನ್ನು ಗಾಳಿಗೆ ಬಿಡದೆ ಒಂದು ಖಾಲಿ ಸಿಲಿಂಡರಿಗೆ ಎಳೆದುಕೊಂಡು ತಕ್ಕಡಿಯ ಮೇಲಿಟ್ಟರು: 520 ಗ್ರಾಂ. ಇರಬೇಕಾದ 900ರಲ್ಲಿ 380 ಗ್ರಾಂ ಊರಿನ ಗಾಳಿಗೆ ಹೋಗಿತ್ತು, ಅದೂ ನಾನು ದುಡ್ಡು ಕೊಟ್ಟು ತುಂಬಿಸಿದ ಮೇಲೆ. ಇದು ನನ್ನ ಜೇಬಿನ ಪ್ರಶ್ನೆ ಮಾತ್ರವಲ್ಲ. ಆರ್-32 ಓಜೋನ್ ಪದರಕ್ಕೆ ಹಾನಿ ಮಾಡದಿದ್ದರೂ ಭೂಮಿಯನ್ನು ಬಿಸಿ ಮಾಡುವ ಶಕ್ತಿಯಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು 675 ಪಟ್ಟು. ಹಿಂದಿನ ಆರ್-410ಎ ಗ್ಯಾಸಿನದು ಎರಡು ಸಾವಿರ ಪಟ್ಟಿಗೂ ಹೆಚ್ಚು. ಇಂಥ ಗ್ಯಾಸುಗಳ ಬಳಕೆಯನ್ನು ಹಂತಹಂತವಾಗಿ ತಗ್ಗಿಸಬೇಕೆಂದು ಮಾಂಟ್ರಿಯಲ್ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2016ರಲ್ಲಿ ತಂದ ಕಿಗಾಲಿ ತಿದ್ದುಪಡಿಯನ್ನು ಭಾರತವೂ 2021ರಲ್ಲಿ ಅನುಮೋದಿಸಿದೆ. ಸೋರುವ ನಟ್ಟನ್ನು ಬಿಟ್ಟು ಗ್ಯಾಸ್ ತುಂಬುವ ರೂಢಿ ಒಂದೊಂದು ಊರಿನಲ್ಲಿ ನೂರಾರು ಮನೆಗಳಲ್ಲಿ ನಡೆದರೆ ಏನಾಗುತ್ತದೆ ಎಂದು ಮಹಡಿಯ ಮೇಲೆ ನಿಂತಾಗ ನನಗೆ ಅನ್ನಿಸದೆ ಇರಲಿಲ್ಲ.

ನಟ್ಟು ಬಿಚ್ಚಿದಾಗ ಕಾರಣ ಕಂಡಿತು. ಕೊಳವೆಯ ತುದಿಯನ್ನು ತುತ್ತೂರಿಯ ಬಾಯಿಯಂತೆ ಅರಳಿಸಿ ವಾಲ್ವಿನ ಮೊನೆಗೆ ಕೂರಿಸಿರುತ್ತಾರೆ; ಅದನ್ನು ಫ್ಲೇರ್ ಎನ್ನುತ್ತಾರೆ. ನಮ್ಮ ಫ್ಲೇರಿನ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಇತ್ತು. ಅಳವಡಿಸುವಾಗ ಸ್ಪ್ಯಾನರಿನಿಂದ ಅತಿಯಾಗಿ ಬಿಗಿದದ್ದು, ಆಮೇಲೆ ವರ್ಷಗಟ್ಟಲೆ ಕಂಪ್ರೆಸರಿನ ನಡುಕ, ಇವೆರಡೂ ಸೇರಿ ಹೀಗಾಗುತ್ತದೆ ಎಂದರು. ತುದಿಯನ್ನು ಕಟ್ಟರಿನಿಂದ ಕತ್ತರಿಸಿ, ಒಳಅಂಚಿನ ಒರಟನ್ನು ಕೆರೆದು, ಹೊಸದಾಗಿ ಅರಳಿಸಿ, ಒಂದು ಹನಿ ಎಣ್ಣೆ ಸವರಿ ಬಿಗಿದರು. ಬಳಿಕ ನೈಟ್ರೋಜನ್ ಸಿಲಿಂಡರಿನಿಂದ 350 ಪಿಎಸ್‌ಐ ಒತ್ತಡ ತುಂಬಿ, ಗೇಜಿನ ಮುಳ್ಳಿದ್ದ ಜಾಗಕ್ಕೆ ಪೆನ್ನಿನಿಂದ ಗೆರೆ ಎಳೆದು, ಚಹಾ ಕುಡಿಯಲು ಕೆಳಗೆ ಬಂದರು. ಮುಕ್ಕಾಲು ಗಂಟೆಯ ನಂತರವೂ ಮುಳ್ಳು ಗೆರೆಯ ಮೇಲೇ ಇತ್ತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಪರೀಕ್ಷೆಗೆ ಒಣ ನೈಟ್ರೋಜನ್ನೇ ಆಗಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆಂದು ಆಮ್ಲಜನಕದ ಸಿಲಿಂಡರ್ ತಂದು ಒತ್ತಡ ಕೊಟ್ಟರೆ ಕಂಪ್ರೆಸರ್ ಎಣ್ಣೆಯೊಂದಿಗೆ ಅದು ಸ್ಫೋಟಿಸಬಲ್ಲದು, ಜೀವ ಹೋಗಬಲ್ಲದು. ಆರ್-32 ತಾನೂ ಮಂದವಾಗಿ ಹೊತ್ತಿಕೊಳ್ಳುವ ಗ್ಯಾಸ್; ಕೊಳವೆಯಲ್ಲಿ ಗ್ಯಾಸ್ ಇರುವಾಗ ಬೆಸುಗೆ ದೀಪ ಹಚ್ಚುವುದು, ಕೆಲಸ ನಡೆಯುವ ಕಡೆ ಬೀಡಿ ಸೇದುವುದು ಸಲ್ಲದು. ಕೆಲವು ಎಸಿಗಳಲ್ಲಿ ಬಳಸುವ ಆರ್-290 ಎಂದರೆ ಪ್ರೊಪೇನ್. ಅಡುಗೆ ಅನಿಲದ ಹತ್ತಿರದ ನಂಟು, ಅದಕ್ಕೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಯಾವ ಗ್ಯಾಸ್ ಎಂದು ಪಟ್ಟಿಯಲ್ಲಿ ಬರೆದಿರುತ್ತದೆ, ಬಂದವರು ತಂದ ಸಿಲಿಂಡರಿನ ಮೇಲೂ ಬರೆದಿರುತ್ತದೆ. ಎರಡನ್ನೂ ಓದಿ ತಾಳೆ ನೋಡುವುದು ಮನೆಯವರ ಹಕ್ಕು.

ನೈಟ್ರೋಜನ್ ಬಿಟ್ಟ ಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಅರ್ಧ ಗಂಟೆಗೂ ಹೆಚ್ಚು ಕಾಲ ಓಡಿಸಿದರು. ಕೊಳವೆಯೊಳಗೆ ಉಳಿದ ಗಾಳಿಯೂ ತೇವವೂ ಹೊರಗೆ ಬರದಿದ್ದರೆ, ಗಾಳಿ ಕಂಡೆನ್ಸರಿನಲ್ಲಿ ಜಾಗ ಹಿಡಿದು ಒತ್ತಡ ಏರಿಸುತ್ತದೆ, ತೇವ ಎಣ್ಣೆಯನ್ನು ಕೆಡಿಸುತ್ತದೆ. ಬಹಳ ಮಂದಿ ಇದೊಂದು ಹಂತವನ್ನು ಬಿಟ್ಟು ಸ್ವಲ್ಪ ಗ್ಯಾಸ್ ಹಾಯಿಸಿ ಗಾಳಿ ತಳ್ಳಿಬಿಡುತ್ತಾರಂತೆ. ಕೊನೆಗೆ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ಸರಿಯಾಗಿ 900 ಗ್ರಾಂ ಬಿಟ್ಟರು. ಗೇಜಿನ ಅಂದಾಜಿನಲ್ಲಿ ತುಂಬಿದರೆ ಹೊರಗಿನ ಸೆಖೆಗೆ ತಕ್ಕಂತೆ ಅಂಕಿ ಏರುಪೇರಾಗುತ್ತದೆ, ತೂಕದಲ್ಲಿ ಹಾಗಾಗುವುದಿಲ್ಲ. ನಾನು ಥರ್ಮಾಮೀಟರ್ ಹಿಡಿದೆ: ಒಳಗೆ ಹೋಗುವುದು 30, ಬರುವುದು 17. ಕರೆಂಟ್ 7.3 ಆಂಪಿಯರ್.

ಮೇ ತಿಂಗಳ ಮೂರನೆಯ ವಾರ ಎರಡನೆಯ ದೋಷ ಬಂತು. ಅವ್ವನ ಮಾತು ಅದೇ, ಕೋಣೆಯಲ್ಲಿ ಕಾಣುವ ಲಕ್ಷಣವೂ ಅದೇ, ಕಾರಣ ಮಾತ್ರ ಪೂರ್ತಿ ಬೇರೆ. ಈ ಸಲ ಮಹಡಿಯಲ್ಲಿ ನಿಂತು ಕಿವಿಗೊಟ್ಟೆ. ಹೊರಗಿನ ಫ್ಯಾನ್ ಸಲೀಸಾಗಿ ತಿರುಗುತ್ತಿತ್ತು, ಆದರೆ ಅದರಿಂದ ಬರುವ ಗಾಳಿಯಲ್ಲಿ ಬಿಸಿಯೇ ಇರಲಿಲ್ಲ. ಸುತ್ತಲಿನ ಗಾಳಿ ಹೇಗಿತ್ತೋ ಹಾಗೆ. ಸರಿಯಾಗಿ ಓಡುವ ಎಸಿಯ ಹೊರಗಿನ ಗಾಳಿ ಮುಖಕ್ಕೆ ರಾಚುವಷ್ಟು ಬಿಸಿ ಇರಬೇಕು, ಯಾಕೆಂದರೆ ಕೋಣೆಯ ಬಿಸಿ ಹೊರಗೆ ಬೀಳುವುದು ಅಲ್ಲೇ. ಒಳಗಿನಿಂದ "ಗೂಂ" ಎಂಬ ಮಂದ ಸದ್ದು ಕೆಲವೇ ಸೆಕೆಂಡು ಕೇಳಿ, "ಟಕ್" ಎಂದು ನಿಂತಿತು. ಕೆಲವು ನಿಮಿಷಗಳ ನಂತರ ಮತ್ತೆ ಗೂಂ, ಮತ್ತೆ ಟಕ್. ಕಂಪ್ರೆಸರ್ ಏಳಲು ಯತ್ನಿಸುತ್ತಿತ್ತು, ಏಳಲಾಗದೆ ಅತಿಯಾದ ಕರೆಂಟ್ ಎಳೆದು ಓವರ್‌ಲೋಡ್ ಸ್ವಿಚ್ಚಿನಿಂದ ಕಡಿದುಕೊಳ್ಳುತ್ತಿತ್ತು. ಕೂಡಲೇ ವಿದ್ಯುತ್ ಕಡಿಯುವ ಎಂಸಿಬಿ ಸ್ವಿಚ್ಚನ್ನು ಇಳಿಸಿದೆ. ಹೀಗೆ ಗಂಟೆಗಟ್ಟಲೆ ಬಿಟ್ಟರೆ ಕಂಪ್ರೆಸರಿನ ಸುರುಳಿಯೇ ಸುಡಬಹುದು, ಆಗ ನೂರರ ಖರ್ಚು ಸಾವಿರಗಳಿಗೆ ಹೋಗುತ್ತದೆ.

ಹಿರಿಯ ಮೆಕ್ಯಾನಿಕ್ ಬಂದು ಪಕ್ಕದ ತಗಡನ್ನು ಬಿಚ್ಚಿದಾಗ ಬೆಳ್ಳಿಬಣ್ಣದ ಡಬ್ಬಿಯಂಥ ಕಪಾಸಿಟರಿನ ನೆತ್ತಿ ಚಪ್ಪಟೆಯಾಗಿರದೆ ಪೂರಿಯಂತೆ ಉಬ್ಬಿತ್ತು. ಅದರ ಮೇಲೆ 45 ಮೈಕ್ರೋಫ್ಯಾರಡ್ ಎಂದು ಬರೆದಿತ್ತು. ಮೀಟರ್ ತೋರಿಸಿದ್ದು 19. ನಿಂತ ಕಂಪ್ರೆಸರನ್ನು ತಿರುಗುವಂತೆ ಎಬ್ಬಿಸುವ ಒತ್ತಾಸೆ ಕೊಡುವುದು ಈ ಕಪಾಸಿಟರ್. ಬಿಸಿಲಿನಲ್ಲಿ ಕಾಯುತ್ತ ಕಾಯುತ್ತ ಅದರ ಸಾಮರ್ಥ್ಯ ಇಳಿಯುತ್ತದೆ. ವಿದ್ಯುತ್ ತೆಗೆದ ಮೇಲೂ ಅದರಲ್ಲಿ ಹೊಡೆತ ಕೊಡುವಷ್ಟು ಚಾರ್ಜ್ ಉಳಿದಿರುತ್ತದೆ, ಆದ್ದರಿಂದ ತಗಡು ಬಿಚ್ಚುವ ಕೆಲಸಕ್ಕೆ ನಾನು ಕೈ ಹಾಕಲಿಲ್ಲ, ಬೇರೆಯವರೂ ಹಾಕಬಾರದು. ಅವರು ಮೊದಲು ಅದನ್ನು ಡಿಸ್ಚಾರ್ಜ್ ಮಾಡಿ, ಅಷ್ಟೇ ಮೈಕ್ರೋಫ್ಯಾರಡಿನ ಹೊಸದನ್ನು ಹಾಕಿದರು. ಬಿಡಿಭಾಗಕ್ಕೂ ಕೂಲಿಗೂ ಸೇರಿ 750 ರೂಪಾಯಿ. ಇಂಥ ಯಂತ್ರಕ್ಕೂ "ಗ್ಯಾಸ್ ಹೋಗಿದೆ" ಎಂದು ಹೇಳಿಸಿಕೊಂಡವರು ನನ್ನ ಪರಿಚಯದಲ್ಲೇ ಇಬ್ಬರಿದ್ದಾರೆ. ಕಂಪ್ರೆಸರ್ ಓಡುತ್ತಿದೆಯೋ ಇಲ್ಲವೋ ಎಂಬುದನ್ನು ಖಚಿತಪಡಿಸಿಕೊಳ್ಳದೆ ಗ್ಯಾಸಿನ ಮಾತನ್ನು ಯಾರೂ ಎತ್ತಬಾರದು.

ಅದೇ ದಿನ ಅವರು ಇನ್ನೊಂದನ್ನು ಪತ್ತೆ ಮಾಡಿದರು, ಅದು ನಾನು ಊಹಿಸದೆ ಇದ್ದದ್ದು. ಎಸಿ ಓಡುವಾಗ ಮೀಟರ್ ಬೋರ್ಡಿನ ಬಳಿ ವೋಲ್ಟೇಜ್ 221 ಇದ್ದರೆ, ಎಸಿಯ ಸಾಕೆಟ್ಟಿನಲ್ಲಿ 203 ಇತ್ತು. ಸರಬರಾಜು ಸರಿಯಾಗಿಯೇ ಇತ್ತು. ಹದಿನೆಂಟು ವೋಲ್ಟ್ ಕಳೆದುಹೋಗುತ್ತಿದ್ದದ್ದು ನಮ್ಮ ಮನೆಯ ಗೋಡೆಯೊಳಗೆ. ಸಾಕೆಟ್ ಬಿಚ್ಚಿದಾಗ ಒಂದು ಸ್ಕ್ರೂ ಸಡಿಲವಾಗಿ, ವೈರಿನ ತುದಿಯ ಪ್ಲಾಸ್ಟಿಕ್ ಕಂದಿ ಸುಟ್ಟ ವಾಸನೆ ಬರುತ್ತಿತ್ತು. ಎಸಿ ಹಾಕಿಸಿದಾಗ ಹಳೆಯ ಸಪೂರ ವೈರಿನಿಂದಲೇ ಸಂಪರ್ಕ ಎಳೆದುಕೊಂಡಿದ್ದೆವು. ಜೂನ್ ಬರುವ ಮೊದಲೇ ಮೀಟರ್ ಬೋರ್ಡಿನಿಂದ ಕೋಣೆಯವರೆಗೆ 4 ಚದರ ಮಿಲಿಮೀಟರಿನ ತಾಮ್ರದ ವೈರನ್ನು ಪ್ರತ್ಯೇಕವಾಗಿ ಎಳೆಸಿದೆ. ಸಾಕೆಟ್ ಬದಿಯ ಗೋಡೆ ಮುಟ್ಟಿದರೆ ಬೆಚ್ಚಗಾಗುವ ಮನೆಗಳು ಸ್ಟೆಬಿಲೈಸರ್ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ ಕರೆಯುವುದು ಒಳ್ಳೆಯದು. ಬೆಂಕಿಯ ಅಪಾಯ ಅಲ್ಲಿರುತ್ತದೆ.

ಬಳ್ಳಾರಿಯ ಕೆಂಪು ಧೂಳಿನ ಬಗ್ಗೆ ಹೇಳದೆ ಮುಗಿಸಲಾಗದು. ಗಣಿಯ ಕಡೆಯಿಂದ ಬರುವ ಅದಿರಿನ ಲಾರಿಗಳ ರಸ್ತೆಯಲ್ಲಿ ಮನೆ ಇದ್ದವರ ಹೊರಗಿನ ಯಂತ್ರದ ಹಿಂಬದಿಯನ್ನು ನೋಡಿದರೆ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಇಟ್ಟಿಗೆಪುಡಿ ತುಂಬಿದಂತಿರುತ್ತದೆ. ಗಾಳಿ ಹಾಯಲು ದಾರಿಯಿಲ್ಲದಿದ್ದರೆ ಬಿಸಿ ಹೊರಗೆ ಹೋಗುವುದಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ತಂಪು ಕುಗ್ಗಿ, ರಾತ್ರಿ ತಾನಾಗಿ ಸರಿಯಾಗುವ ಎಸಿಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ. ಎಂಸಿಬಿ ಇಳಿಸಿ, ಸಾಧಾರಣ ಪೈಪಿನ ನೀರನ್ನು ಜೋರಿಲ್ಲದೆ ಮೇಲಿನಿಂದ ಕೆಳಗೆ ಬಿಟ್ಟು ತೊಳೆದರೆ ಸಾಕು. ರಭಸದ ನೀರು ರೆಕ್ಕೆಗಳನ್ನು ಮಡಚಿಬಿಡುತ್ತದೆ. ನಮ್ಮ ಪಕ್ಕದ ಮನೆಯವರು ಕಳ್ಳರ ಭಯದಿಂದ ಹೊರಗಿನ ಯಂತ್ರಕ್ಕೆ ಪೆಟ್ಟಿಗೆಯಂತೆ ತಗಡು ಹೊದಿಸಿದ್ದರು. ಬಿಸಿಗಾಳಿ ಎದುರಿನ ತಗಡಿಗೆ ಬಡಿದು ಹಿಂದಿನಿಂದ ಮತ್ತೆ ಒಳಗೇ ಹೋಗುತ್ತಿತ್ತು. ಎದುರಿನ ತಗಡು ತೆಗೆದು ಜಾಳಿಗೆ ಹಾಕಿಸಿದ ದಿನವೇ ಅವರ ಮಲಗುವ ಕೋಣೆ ಸರಿಹೋಯಿತು, ಒಂದು ಬಿಡಿಭಾಗವನ್ನೂ ಬದಲಿಸಲಿಲ್ಲ.

ಇನ್ವರ್ಟರ್ ಎಸಿಗಳಲ್ಲಿ ನಾನು ವಿವರಿಸಿದ ಕಪಾಸಿಟರಿನ ದೋಷ ಇದೇ ರೂಪದಲ್ಲಿ ಬರುವುದಿಲ್ಲ; ಅಲ್ಲಿ ಕಂಪ್ರೆಸರನ್ನು ಪಿಸಿಬಿ ಎಂಬ ಎಲೆಕ್ಟ್ರಾನಿಕ್ ಬೋರ್ಡು ನಡೆಸುತ್ತದೆ, ದೋಷವಾದರೆ ಸಾಮಾನ್ಯವಾಗಿ ಒಂದು ಎರರ್ ಕೋಡ್ ಮಿನುಗುತ್ತದೆ, ಅದನ್ನು ಫೋಟೋ ತೆಗೆದಿಟ್ಟುಕೊಂಡರೆ ಬಂದವರಿಗೆ ಅನುಕೂಲ. ಕೋಣೆ ತಂಪಾದ ಮೇಲೆ ಇನ್ವರ್ಟರ್ ತಾನಾಗಿ ವೇಗ ತಗ್ಗಿಸುವುದರಿಂದ ಆಗ ಅಳೆದ ಅಂತರ ಕಡಿಮೆ ಕಂಡರೆ ಅದು ದೋಷವಲ್ಲ.

ಕೆಲವು ಸಲ ಯಂತ್ರದಲ್ಲಿ ದೋಷವೇ ಇರುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು ಮೂರೂವರೆ ಕಿಲೋವಾಟ್ ಬಿಸಿಯನ್ನು ಹೊರಹಾಕುವ ಶಕ್ತಿ. ಆ ಶಕ್ತಿಯನ್ನು ಅಳೆಯುವುದು ಹೊರಗೆ 35 ಡಿಗ್ರಿ ಇದ್ದಾಗ. ನಮ್ಮೂರಿನಲ್ಲಿ 42 ಇದ್ದಾಗ, ಅದೂ ಪಡುವಣ ಗೋಡೆಯ ಮೇಲೆ ನೇರ ಬಿಸಿಲಿನಲ್ಲಿ ನೇತುಹಾಕಿದ ಯಂತ್ರದಿಂದ ಅಷ್ಟನ್ನೇ ನಿರೀಕ್ಷಿಸಲಾಗದು. ಮೇಲೆ ತಾರಸಿ ಕಾಯುತ್ತಿರುತ್ತದೆ, ಕಿಟಕಿಯಿಂದ ಬಿಸಿಲು ಒಳಗೆ ಬೀಳುತ್ತಿರುತ್ತದೆ, ಬಾಗಿಲು ಗಳಿಗೆಗೊಮ್ಮೆ ತೆರೆಯುತ್ತಿರುತ್ತದೆ. ಅಂಥ ಕೋಣೆಯಲ್ಲಿ ರಿಮೋಟಿನಲ್ಲಿ 16 ಇಟ್ಟರೂ ಇನ್ವರ್ಟರ್ ಅಲ್ಲದ ಯಂತ್ರ ಹೆಚ್ಚು ತಂಪನ್ನೇನೂ ಕೊಡುವುದಿಲ್ಲ, ನಿಲ್ಲದೆ ಓಡುತ್ತದೆ ಅಷ್ಟೇ. ಅಂತರ ಅಳೆದಾಗ ಹತ್ತು ಹನ್ನೆರಡು ಡಿಗ್ರಿ ಸಿಗುತ್ತಿದ್ದರೆ ದುಡ್ಡನ್ನು ಗ್ಯಾಸಿಗೆ ಹಾಕುವ ಬದಲು ತಾರಸಿಗೆ ಬಿಳಿ ಸುಣ್ಣಕ್ಕೂ ಕಿಟಕಿಗೆ ದಪ್ಪ ಪರದೆಗೂ ಹಾಕಬಹುದು. ನಾವು ಎರಡನ್ನೂ ಮಾಡಿದೆವು, 24ರಲ್ಲಿ ಅವ್ವನಿಗೆ ಈಗ ರಾತ್ರಿ ಹೊದಿಕೆ ಬೇಕಾಗುತ್ತದೆ.

ಅವ್ವನ ಕೋಣೆಯ ಕ್ಯಾಲೆಂಡರಿನ ಹಿಂದೆ ಒಂದು ಹಾಳೆ ಅಂಟಿಸಿದ್ದೇನೆ. ಅದರಲ್ಲಿ ಹೊರಗಿನ ಯಂತ್ರದ ಪಟ್ಟಿಯ ಅಂಕಿಗಳು, ಗ್ಯಾಸ್ ತುಂಬಿಸಿದ ದಿನ ಮತ್ತು ತೂಕ, ಕಪಾಸಿಟರ್ ಹಾಕಿದ ದಿನ, ಪ್ರತಿ ತಿಂಗಳು ಅಳೆದ ಎರಡು ಉಷ್ಣಾಂಶಗಳು ಇವೆ. ಈ ಮಾರ್ಚ್ ಮೊದಲ ಭಾನುವಾರ ಬೆಳಿಗ್ಗೆ ಬರೆದ ಸಾಲು ಹೀಗಿದೆ: ಒಳಗೆ ಹೋಗುವುದು 29, ಬರುವುದು 16, ಕರೆಂಟ್ 7.2, ನಟ್ಟಿನ ಕೆಳಗೆ ಧೂಳು ಒಣಗಿದೆ.